ಮಳೆ ಕಾಣದ ಮಣ್ಣು

"ಅಲ್ಲಿ ಕೈ ಹಾಕಬ್ಯಾಡ್ರಿ ಸಾಹೇಬ್ರ. ಆ ತೊಲಿ ಇನ್ನೂ ಪೂರಾ ಕುಂತಿಲ್ಲ."

ಹವಾಲ್ದಾರ ದಾದೇಸಾಬ ಇಷ್ಟು ಹೇಳುವಷ್ಟರಲ್ಲಿ ಠಾಣೆಯ ಅಮೀನ ದೇವೇಂದ್ರಪ್ಪನ ಬಲಗೈ ಮೊಣಕೈವರೆಗೆ ಕುಸಿದ ಮನೆಯ ಮಣ್ಣಿನೊಳಗೆ ಇಳಿದಿತ್ತು. ಅವನು ಕೈ ಹಿಂದೆಗೆಯಲಿಲ್ಲ. ಬೆರಳಿಗೆ ಸಿಕ್ಕ ಹೆಂಟೆಯೊಂದನ್ನು ಹೊರಗೆಳೆದು ಮಧ್ಯಾಹ್ನದ ಬಿಸಿಲಿಗೆ ಹಿಡಿದ.

ಬೂದು ಬಣ್ಣದ ಸವಳು. ಕೆರೆಯಂಗಳದಿಂದ ತಂದು ಮನೆಗಳ ಮಾಳಿಗೆಗೆ ಹೊದಿಸುವ ಮಣ್ಣು. ಹೆಂಟೆಯ ಒಂದು ಮಗ್ಗುಲಲ್ಲಿ ಗುದ್ದಲಿ ಕಡಿದ ಗುರುತು ಇನ್ನೂ ನುಣ್ಣಗಿತ್ತು. ಅದರೊಳಗೆ ಕೆರೆಯ ಸಣ್ಣ ಬಸವನಹುಳುವಿನ ಚಿಪ್ಪೊಂದು ಮುರಿಯದೆ ಕುಳಿತಿತ್ತು.

"ದಾದೇಸಾಬ, ಮಾಳಿಗಿ ಮ್ಯಾಲೆ ಒಂದು ಮಳಿ ಬಿದ್ದ ಮ್ಯಾಲೆ ಸವಳು ಹೆಂಗಾಗ್ತೈತಿ?"

"ಹೆಪ್ಪುಗಟ್ಟತೈತ್ರಿ. ರೊಟ್ಟಿ ಹಂಚಿನಂಗ. ಆಮ್ಯಾಲೆ ಗರಿಕಿ ಹುಟ್ಟತೈತಿ."

"ಇದರಾಗ ಗರಿಕಿ ಎಲ್ಲೈತಿ?"

ದಾದೇಸಾಬ ಬಗ್ಗಿ ನೋಡಿದ. ಬೇರಿನ ಒಂದು ಎಳೆಯೂ ಇರಲಿಲ್ಲ.

ಸೋಮವಾರ ಬೆಳಗಿನ ಜಾವ ಕುಷ್ಟಗಿಯ ನೆಲ ನಾಲ್ಕು ಉಸಿರಿನಷ್ಟು ಹೊತ್ತು ನಡುಗಿತ್ತು. ಊರಿನಲ್ಲಿ ಬಿದ್ದದ್ದು ಒಂದೇ ಮನೆ, ಸತ್ತದ್ದು ಆ ಮನೆಯ ಆದೆಪ್ಪನೊಬ್ಬನೇ. ಇವತ್ತು ಬುಧವಾರ.

ಊರಿಗೆ ಭೂಕಂಪದ ಭಯ ಕಲಿಸಿದವನೇ ಆದೆಪ್ಪ. ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೈದರಲ್ಲಿ, ದೂರದ ಕ್ವೆಟ್ಟಾ ಶಹರ ಒಂದೇ ರಾತ್ರಿಯಲ್ಲಿ ನೆಲಕ್ಕೆ ಬಿದ್ದಾಗ ಅವನು ಅಲ್ಲಿ ಕಟ್ಟಡದ ಮೇಸ್ತ್ರಿಯಾಗಿದ್ದ. ಒಂದು ಹಗಲು, ಒಂದು ರಾತ್ರಿ ಮಣ್ಣಿನ ಕೆಳಗಿದ್ದು ಎಡಗೈ ಸೋತು ಊರಿಗೆ ಬಂದ. ಬಂದವನು ಮನೆಮನೆಗೆ ಅಲೆದ. ಮಾಳಿಗೆ ಭಾರವಾದ ಮನೆಗಳ ಬಾಗಿಲಿಗೆ ಕೆಮ್ಮಣ್ಣಿನಿಂದ ಒಂದು ದುಂಡು ಬರೆದ. ಹಳೆಯ ಮಣ್ಣು ತೆಗೆಯಿರಿ, ಒಂದು ಗೇಣು ಸಾಕು ಅಂದ. ಮಲಗುವ ಕಡೆ ತಲೆದೆಸೆಗೆ ಗಡಿಗೆ ಅಡಕಲು ಬೇಡ, ಬಾಗಿಲಿಗೆ ಜೋಳದ ಚೀಲ ಒಡ್ಡಬೇಡಿ ಅಂದ. ಸಂತೆ ಬಯಲನ್ನು ಯಾರೂ ಒತ್ತಬಾರದು, ನೆಲ ನಡುಗಿದ ದಿನ ಇಡೀ ಊರು ನಿಲ್ಲಲು ಅದೊಂದೇ ಜಾಗ ಅಂದ. ಜನ ನಕ್ಕರು. ಕೆಲವರು ಕೆಮ್ಮಣ್ಣಿನ ದುಂಡಿನ ನಡುವೆ ಕುಂಕುಮವಿಟ್ಟು ಪೂಜೆ ಮಾಡಿದರು.

ಕೊನೆಗೆ ತನ್ನ ಮನೆಯನ್ನೇ ಕೆಡವಿ ಮಾದರಿಯಾಗಿ ಕಟ್ಟಿಸಿದ. ಬಿದ್ದದ್ದು ಆ ಮಾದರಿಯೊಂದೇ.

"ಅಮೀನ ಸಾಹೇಬರು ಮಣ್ಣಾಗ ಏನು ಬೆಳೀಲಿಕ್ಕೆ ಹತ್ಯಾರ?"

ಓಣಿಯಲ್ಲಿ ಕೊಡೆ ಹಿಡಿದು ನಿಂತಿದ್ದವನು ಗುತ್ತೇದಾರ ದೊಡ್ಡಬಸಪ್ಪ. ಊರ ಸಾಲೆ ಕಟ್ಟಿಸಿದವನು. ಆದೆಪ್ಪನ ಕೆಮ್ಮಣ್ಣಿನ ದುಂಡು ಎಲ್ಲಕ್ಕಿಂತ ದೊಡ್ಡದಾಗಿ ಬಿದ್ದಿದ್ದು ಆ ಸಾಲೆಯ ಬಾಗಿಲ ಮೇಲೆ.

"ಸುಮ್ಮನ ನೋಡ್ತಿದ್ದೆ."

"ನೋಡೂದೇನೈತ್ರಿ? ಗ್ವಾಡಿ ಕಟ್ಟಿದಾವ ನೂರಸಾಬ, ಬಿದ್ದದ್ದು ಗ್ವಾಡಿ. ಪಾಪ, ಆದೆಪ್ಪ ಛಲೋ ಮನುಷ್ಯಾ. ಅವನ ಮಾತು ಕೇಳಿ ಸಾಲಿ ಮಾಳಿಗಿ ಬಿಚ್ಚಿದ್ದರ ಏನಾಗ್ತಿತ್ತು? ನೂರಾ ಹನ್ನೆರಡು ಹುಡುಗರು ಕುಂಡರ್ತಾರ ಅಲ್ಲಿ."

"ಅದಕ್ಕ ಕೇಳ್ತೀನಿ. ಆ ಸಾಲಿ ಗ್ವಾಡಿಯೊಳಗ ಎರಡೂ ಮೈ ಹಿಡಿಯೋ ಕಟ್ಟುಗಲ್ಲು ಎಷ್ಟದಾವ?"

ದೊಡ್ಡಬಸಪ್ಪ ಕೊಡೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದ. "ನಾಳೆ ಹತ್ತಕ್ಕ ತಹಶೀಲ್ದಾರ ಸಾಹೇಬರು ಬರ್ತಾರ. ಅವರನ್ನ ಕೇಳ್ರಿ," ಅಂದು ನಡೆದ.

ನಾಳೆ ಹತ್ತು ಗಂಟೆ. ತಹಶೀಲ್ದಾರರು ಪಂಚನಾಮೆಗೆ ಸಹಿ ಹಾಕುತ್ತಾರೆ. ಕೆಟ್ಟ ಕಟ್ಟಡದಿಂದ ಸಾವು ಎಂದಾದರೆ ಗೌಂಡಿ ನೂರಸಾಬನನ್ನು ರಾಯಚೂರಿನ ಜೈಲಿಗೆ ಕಳಿಸಬೇಕು. ಅವನ ಹಿಂದೆಯೇ ಆದೆಪ್ಪನ ಮಾತೂ ಸುಳ್ಳೆಂದಾಗಿ, ಅವನು ಹಟ ಹಿಡಿದು ಹೊರಡಿಸಿದ್ದ, ಸಾಲೆಯ ಮಾಳಿಗೆ ಹಗುರ ಮಾಡುವ ಹುಕುಂ ರದ್ದಾಗುತ್ತದೆ. ಇನ್ನೊಂದು ಸಲ ನೆಲ ನಡುಗಿದರೆ ಆ ನೂರಾ ಹನ್ನೆರಡು ತಲೆಗಳ ಮೇಲೆ ಏನಿರುತ್ತದೆಂದು ದೇವೇಂದ್ರಪ್ಪನಿಗೆ ಗೊತ್ತಿತ್ತು. ಒಮ್ಮೆ ಆದೆಪ್ಪನೇ ಅವನನ್ನು ಸಾಲೆಯ ಮೇಲೆ ಹತ್ತಿಸಿ ಮಣ್ಣಿನಲ್ಲಿ ಕೋಲು ಇಳಿಸಿ ತೋರಿಸಿದ್ದ. ಎದೆಯಷ್ಟು ಉದ್ದದ ಕೋಲು ಪೂರ್ತಿ ಇಳಿದಿತ್ತು.

"ಹವಾಲಾತಿನಾಗ ನೂರಸಾಬ ಏನರ ಮಾತಾಡಿದನೇನು?"

"ಇಲ್ರಿ. ಚಹಾ ಕೊಟ್ರ ಕುಡೀತಾನ. ಬೈದ್ರ ಕೇಳ್ತಾನ. ಬಾಯಿ ಮಾತ್ರ ಬಿಡವಲ್ಲ," ಅಂದ ದಾದೇಸಾಬ. "ನನಗ ಅದಾ ಆಶ್ಚರ್ಯ. ದೊಡ್ಡಬಸಪ್ಪನ ಮಗಳ ಲಗ್ನದಾಗ ಯಾರೋ ಇವನ ಗ್ವಾಡಿ ವಾಲೇತಿ ಅಂದ್ರು. ಊಟ ಬಿಟ್ಟು ಎದ್ದು ಮನಿಗೆ ಹೋಗಿ ತೂಗುಗುಂಡು ತಂದಾ. ಪಂಕ್ತಿ ನಡುವ ಗ್ವಾಡಿಗೆ ಇಳಿಬಿಟ್ಟು ತೋರಿಸಿ, ಮತ್ತ ಕುಂತು ಹೋಳಿಗಿ ತಿಂದಾ. ಅಂಥಾವ ಈಗ ಗಪ್ಪ."

ದೇವೇಂದ್ರಪ್ಪ ಮತ್ತೆ ಮಣ್ಣಿನ ಕಡೆ ತಿರುಗಿದ. ಹೊಸ ಮಾಳಿಗೆಗೆ ಒಂದೇ ಗೇಣು ಮಣ್ಣು ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಈಗ ನಡುಮನೆಯಲ್ಲಿ ಬಿದ್ದಿದ್ದ ಗುಡ್ಡೆ ಸೊಂಟಕ್ಕೆ ಬರುತ್ತಿತ್ತು. ತಳದಲ್ಲಿ ಗರಿಕೆಯ ಬೇರು ಹಿಡಿದ ತೆಳು ಹೆಪ್ಪು. ಅದರ ಮೇಲೆ ಮಳೆ ಕಾಣದ ಮಣ್ಣು. ಈ ಸೀಮೆಯಲ್ಲಿ ಮಾಳಿಗೆಗೆ ಸವಳು ಹಾಕುವುದು ಮುಂಗಾರಿಗೆ ಮೊದಲು. ಈಗ ಮಾರ್ಗಶಿರ.

ಪಕ್ಕದ ಗೋಡೆಗೆ ಒರಗಿದ್ದ ಬಿದಿರಿನ ಏಣಿಯನ್ನು ಅವನು ಆಗಲೇ ನೋಡಿದ್ದು. ಅದರ ಮೆಟ್ಟಿಲುಗಳಿಗೆ ಬೂದು ಮಣ್ಣು ಮೆತ್ತಿತ್ತು. ಏಣಿ ನಿಂತಿದ್ದು ಆದೆಪ್ಪನ ಅಕ್ಕ ಕಳಕಮ್ಮನ ಅಂಗಳದಲ್ಲಿ.

*

ಕಳಕಮ್ಮ ಒಲೆಯ ಮುಂದೆ ಕುಳಿತಿದ್ದಳು. ಬುಟ್ಟಿಯಲ್ಲಿ ನಾಲ್ಕು ರೊಟ್ಟಿ ಇದ್ದವು. ಒಬ್ಬಳೇ ಇರುವ ಮನೆಗೆ ನಾಲ್ಕು ಹೆಚ್ಚು. ಅವಳಿಗೂ ಅದು ಬಡಿದಾದ ಮೇಲೆ ಹೊಳೆದಿರಬೇಕು. ಎರಡನ್ನು ಬೇರೆ ಮಾಡಿ ಬಟ್ಟೆ ಮುಚ್ಚಿದ್ದಳು.

"ಬರ್ರಿ ಅಮೀನರ. ಕುಂಡರ್ರಿ. ಚಾಪಿ ಅಲ್ಲೈತಿ."

"ಅಕ್ಕಾರ, ಏಣಿಗೆ ಸವಳು ಹತ್ತೇತಿ."

ಅವಳು ಹಂಚನ್ನು ಕೆಳಗಿಳಿಸಿದಳು. ಅವಸರವಿಲ್ಲದೆ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು.

"ಹತ್ತಿರಬೇಕು."

"ನಿಮ್ಮ ಮಾಳಿಗಿ ನೋಡಿದೆ. ಅಲ್ಲಿ ಹಳೇ ಮಣ್ಣ ಐತಿ, ಗರಿಕಿ ಒಣಗೇತಿ. ಹೊಸದು ಎಲ್ಲಿ ಹೋತು?"

 ಹೊರಗೆ ಯಾವುದೋ ಎತ್ತಿನ ಕೊರಳ ಗಂಟೆ ಬಂದು ಹೋಯಿತು. ದೇವೇಂದ್ರಪ್ಪ ಕಾದ. ಕಾಯುವುದು ಅವನಿಗೆ ಗೊತ್ತಿದ್ದ ಕೆಲಸ. ಅಳವಂಡಿಯ ತನ್ನ ಮನೆಯಿಂದ ಕಾಗದ ಬರುವುದು ನಿಂತು ಎರಡು ವರ್ಷವಾಗಿತ್ತು.

"ಎಂಟು ಕತ್ತೆ," ಅಂದಳು ಕಡೆಗೆ. "ಎರಡು ದಿನಾ ಹೊತ್ತಾವ. ಅವ ರಾಯಚೂರಿಗೆ ಹೋಗಿದ್ನಲ್ಲರಿ, ಎಂಟು ದಿನ. ಆವಾಗ ಹಾಕಿಸಿದೆ."

"ಅವನಿಗೆ ಹೇಳಿದ್ರೇನು?"

"ಹೇಳಿದ್ರ ಹಾಕಗೊಡ್ತಿದ್ದನೇನ್ರಿ? ಹುಚ್ಚ. ಒಂದು ಗೇಣು ಮಣ್ಣಂತ. ಓಣ್ಯಾಗ ಹೆಣ್ಣಮಕ್ಕಳು ನಗತಿದ್ರು. ಆದೆಪ್ಪನ ಮಾಳಿಗಿ ಹಪ್ಪಳದಂಗ ಐತಿ, ಕಾಗಿ ಕುಂತ್ರ ತೂತು ಬೀಳ್ತೈತಿ ಅಂತಿದ್ರು."

"ನಗಲಿ ಬಿಡ್ರಿ."

"ನಿಮಗೇನು, ನೀವು ಸರಕಾರದ ಮನ್ಯಾಗ ಇರೋರು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ತಾವರಗೇರಾದಾಗ ಒಂದು ಹೆಣ್ಣು ಇತ್ತು. ಗಂಡ ತೀರಿದಾಕಿ, ಮಕ್ಕಳಿಲ್ಲ. ಇವಗೂ ನಲವತ್ತಾತು. ಆಕಿ ಅಣ್ಣ ಅಮಾಸಿ ಮುಗದ ಮ್ಯಾಲೆ ಮನಿ ನೋಡಾಕ ಬರ್ತೀನಿ ಅಂದಿದ್ದ. ಬಂದಾವ ಮೊದಲು ಎಲ್ಲಿ ನೋಡ್ತಾನ? ಅಂಚಿನಾಗ ನಿಂತು ಮಾಳಿಗಿ ಮಣ್ಣು ಎಷ್ಟು ದಪ್ಪೈತಿ ಅಂತ ನೋಡ್ತಾನ. ಹತ್ತು ತಲಿ ಬಾಳಿದ ಮನಿಗೆ ಹತ್ತು ಪದರ ಇರ್ತಾವ. ನಮ್ಮವ್ವ ಹಾಕಿದ್ಲು. ಅವರವ್ವ ಹಾಕಿದ್ಲು. ಹಳೇದು ಯಾರರ ತಗದಾರೇನ್ರಿ? ಅದನ್ನೆಲ್ಲ ಇವ ತಗಸಿ ಹೊಲಕ್ಕ ಚೆಲ್ಲಿದ. ನನಗ ನಮ್ಮವ್ವನ್ನ ಚೆಲ್ಲಿದಂಗಾತು."

ದೇವೇಂದ್ರಪ್ಪ ಕೈಯಲ್ಲಿದ್ದ ಹೆಂಟೆಯನ್ನು ನೆಲದ ಮೇಲಿಟ್ಟ. ಅದಕ್ಕಿಂತ ಮುಂದೆ ಅವನು ಏನೂ ಹೇಳಬೇಕಾಗಿರಲಿಲ್ಲ. ಆದರೂ ಹೇಳಬೇಕಿತ್ತು.

"ಅಕ್ಕಾರ. ಒಂದು ಗೇಣು ಮಣ್ಣಿಗಂತ ತೆಳ್ಳನ ಜಂತಿ ಹಾಕಿದ್ದ ಮಾಳಿಗಿ ಅದು. ನಾಲ್ಕು ಗೇಣು ತಡೀಲಿಲ್ಲ. ಗ್ವಾಡಿ ಕೆಟ್ಟಿದ್ದಿಲ್ಲ. ನೂರಸಾಬನ ತಪ್ಪಿಲ್ಲ."

"ಗೊತ್ತೈತಿ," ಅಂದಳು.

ಅವಳು ಅಳಲಿಲ್ಲ. ಬಟ್ಟೆ ಮುಚ್ಚಿದ್ದ ಎರಡು ರೊಟ್ಟಿಗಳ ಕಡೆ ನೋಡುತ್ತ ಕುಳಿತಳು.

"ಸೋಮವಾರನ ಗೊತ್ತಾತು. ಮಣ್ಣು ಅಗಿಯೋ ಹೊತ್ತಿಗೆ ನನ್ನ ಹೆಂಟಿಗೋಳೇ ಬಂದ್ವು. ನೂರಸಾಬನ ಹೆಂಡತಿ ಹಸನಬೀ ನಿನ್ನಿ ಬಂದು ಬಾಗಲಾಗ ನಿಂತಿದ್ಲು. ಏನೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು."

"ನಾಳೆ ತಹಶೀಲ್ದಾರರ ಮುಂದ ಹೇಳ್ಬೇಕಾಗ್ತೈತಿ. ಹಾಕಿದ್ದು ನಾನು ಅಂತ. ಊರ ಮುಂದ."

"ತಮ್ಮನ್ನ ನಾನ ಕೊಂದೆ ಅಂತ."

"ಮಣ್ಣು ಹಾಕಿದೆ ಅಂತ ಅಷ್ಟ."

"ಎರಡೂ ಒಂದಾ." ಅವಳು ತಲೆ ಎತ್ತಿದಳು. "ಹೇಳ್ತೀನಿ. ಹೇಳಿದ್ರ ಸಾಲಿ ಮ್ಯಾಲಿಂದು ತಗಸ್ತಾರೇನು?"

"ಅದಕ್ಕ ಕೇಳಾಕ ಹತ್ತೀನಿ."

"ಹಂಗಾದ್ರ ಹೇಳ್ತೀನಿ."

ದೇವೇಂದ್ರಪ್ಪ ಎದ್ದ.  ಹೊಸ್ತಿಲು ದಾಟುತ್ತಿದ್ದವನನ್ನು ಅವಳ ದನಿ ನಿಲ್ಲಿಸಿತು.

"ನಾನೊಂದು ಕೇಳಲೇನ್ರಿ?"

"ಕೇಳ್ರಿ."

"ಅವ ಒಳಗ ಯಾಕ ಹೋಗಿದ್ದ?"

"ಅಂದ್ರ?"

"ಕ್ವೆಟ್ಟಾದಿಂದ ಬಂದ ಮ್ಯಾಲೆ ಆದೆಪ್ಪ ಒಂದು ರಾತ್ರೀನೂ ಮಾಳಿಗಿ ಕೆಳಗ ಮಲಗಿಲ್ರಿ. ಮಳ್ಯಾಗೂ ಕೌದಿ ಹೊತ್ತು ಅಂಗಳದಾಗ ಮಲಗಾವ. ಸೋಮವಾರ ನೆಲಾ ನಡುಗಿದಾಗ ನಾನು ಹೊರಗ ಓಡಿ ಬಂದೆ. ಅವನ ಹೊರಸು ಅಂಗಳದಾಗ ಇತ್ತು. ಕೌದಿ ಇತ್ತು. ಅವ ಇದ್ದಿಲ್ಲ."

*

ಠಾಣೆಗೆ ಬಂದು ದೇವೇಂದ್ರಪ್ಪ ಮೇಜಿನ ಖಾನೆಯಿಂದ ಆದೆಪ್ಪನ ವಹಿ ತೆಗೆದ. ಹೊರಸಿನ ತಲೆದಿಂಬಿನ ಕೆಳಗೆ ಸಿಕ್ಕಿದ್ದು. ಪ್ರತಿ ಮನೆಗೆ ಒಂದು ಸಾಲು: ಯಜಮಾನನ ಹೆಸರು, ಮಾಳಿಗೆಯ ಮಣ್ಣು ಎಷ್ಟು ಗೇಣು, ಒಳಗೆ ಮಲಗುವವರು ಎಷ್ಟು ಮಂದಿ. ಕ್ವೆಟ್ಟಾದಲ್ಲಿ ಜನ ಸತ್ತದ್ದು ಮಣ್ಣಿನಿಂದಷ್ಟೇ ಅಲ್ಲ ಎನ್ನುತ್ತಿದ್ದ ಆದೆಪ್ಪ. ಯಾವ ಮನೆಯೊಳಗೆ ಎಷ್ಟು ಜನ ಇದ್ದರೆಂದು ಅಗೆಯುವವರಿಗೆ ಗೊತ್ತಿರಲಿಲ್ಲ. ಒಬ್ಬರು ಸಿಕ್ಕ ಕೂಡಲೇ ಮುಂದಿನ ಮನೆಗೆ ಹೋಗುತ್ತಿದ್ದರು.

ಮಂದಿಯನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ಕುಷ್ಟಗಿಯ ಹೆಂಗಸರು ಅವನಿಗೆ ನಿಜ ಹೇಳುತ್ತಿರಲಿಲ್ಲ. ಅದಕ್ಕೆ ಅವನು ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರೆಂದು ಕೇಳಿ ತಲೆ ಲೆಕ್ಕ ಹಿಡಿಯುತ್ತಿದ್ದ.

ಕೊನೆಯ ಹಾಳೆಯಲ್ಲಿ ಅವನದೇ ಮನೆಯ ಸಾಲು. ಆದೆಪ್ಪ. ಒಂದು ಗೇಣು. ಮಲಗುವವರು ಸೊನ್ನೆ ಎಂದು ಬರೆದಿದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಎಂದು ಬರೆದಿತ್ತು. ರವಿವಾರದ ತಾರೀಖು. ಅವನು ರಾಯಚೂರಿನಿಂದ ಸಂಜೆಯ ಮೋಟಾರಿಗೆ ಮರಳಿದ ದಿನ.

ಮೂರು ದಿನದಿಂದ ದೇವೇಂದ್ರಪ್ಪ ಆ ಅಂಕಿಯನ್ನು ಬೇರೆ ರೀತಿ ಓದಿದ್ದ. ಹದಿನೈದು ದಿನದ ಕೆಳಗೆ ಆದೆಪ್ಪನ ಅಂಗಳದಲ್ಲಿ ಚಹಾ ಕುಡಿಯುತ್ತ ಅವನು ಸುಮ್ಮನೆ ಅಂದಿದ್ದ, ಠಾಣೆಯ ಕೋಣೆ ಬಿಟ್ಟು ನಿನ್ನ ಮನೆಯಲ್ಲೇ ಮಲಗುತ್ತೇನೆ ಮಾರಾಯ, ಅಲ್ಲಿ ಗೋಡೆಗಳ ಜೊತೆ ಮಾತಾಡಿ ಸಾಕಾಗಿದೆ ಎಂದು. "ಬರ್ರಿ," ಅಂದಿದ್ದ ಆದೆಪ್ಪ, "ವಹ್ಯಾಗ ಬರಕೊಂತೀನಿ." ಆ ಒಂದು ತಾನೇ ಎಂದು ದೇವೇಂದ್ರಪ್ಪ ನಂಬಿದ್ದ. ಲೋಕದಲ್ಲಿ ಒಂದು ವಹಿಯಲ್ಲಾದರೂ ತನ್ನನ್ನು ಒಂದು ಮನೆಯೊಳಗೆ ಎಣಿಸಿದ್ದಾರೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

ಅದು ಅವನಲ್ಲ. ರವಿವಾರ ಆ ಮಾಳಿಗೆಯ ಕೆಳಗೆ ಬೇರೆ ಯಾರೋ ಮಲಗಿದ್ದರು. ಊರಿನಲ್ಲೇ ಗಟ್ಟಿಯಾದ ಮನೆಯೆಂದು ಆದೆಪ್ಪನೇ ಅವರನ್ನು ಒಳಗೆ ಮಲಗಿಸಿದ್ದ. ನೆಲ ನಡುಗಿದಾಗ, ಎಲ್ಲರಿಗೂ ಹೊರಗೆ ಓಡಲು ಕಲಿಸಿದವನು ಒಳಗೆ ಓಡಿದ.

ದೇವೇಂದ್ರಪ್ಪನಿಗೆ ಹೆಣ ಬಿದ್ದಿದ್ದ ಬಗೆ ನೆನಪಾಯಿತು. ತಲೆ ಇದ್ದದ್ದು ಹಿಂದಿನ ಕೋಣೆಯ ಕಡೆಗೆ.

ಆದೆಪ್ಪ ಸಿಕ್ಕ ಕೂಡಲೇ ಅಗೆಯುವುದನ್ನು ನಿಲ್ಲಿಸಿದ್ದರು. ನಿಲ್ಲಿಸಿದವನು ತಾನೇ.

"ದಾದೇಸಾಬ, ಗುದ್ದಲಿ ತಗೋ."

*

ಮನೆಯ ಹಿಂದೆ ಕಳ್ಳಿಬೇಲಿಯ ಸಂದಿ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ನಡುಮನೆ ಕುಸಿದಿದ್ದರೂ ಹಿಂದಿನ ಗೋಡೆ ನೆಟ್ಟಗೆ ನಿಂತಿತ್ತು. ಕತ್ತೆಗಳು ಹೊತ್ತು ತಂದ ಮಣ್ಣು ಬಿದ್ದದ್ದು ಓಣಿಗೆ ಕಾಣುವ ಮುಂದಿನ ಮಾಳಿಗೆಯ ಮೇಲಷ್ಟೆ. ತಾವರಗೇರಾದ ಹೆಣ್ಣಿನ ಅಣ್ಣ ಹಿಂದೆ ಬಂದು ನೋಡುವವನಲ್ಲ.

ಸಂಜೆಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಕಲ್ಲುಗಳ ನಡುವೆ ಎರಡೆರಡು ಮೊಳಕ್ಕೊಂದು ಸುಣ್ಣದ ಚುಕ್ಕೆ. ಅದು ನೂರಸಾಬನ ಪದ್ಧತಿ. ಗೋಡೆಯ ಹೊರಮೈಯಿಂದ ಒಳಮೈವರೆಗೆ ಉದ್ದಕ್ಕೆ ಹೊಕ್ಕು ಎರಡನ್ನೂ ಹಿಡಿದಿಡುವ ಕಟ್ಟುಗಲ್ಲಿಗೆ ಅವನು ಚುಕ್ಕೆ ಇಡುತ್ತಿದ್ದ, ಯಾರು ಬೇಕಾದರೂ ಬಂದು ನೋಡಿಕೊಳ್ಳಲಿ ಎಂದು.

ದೇವೇಂದ್ರಪ್ಪ ಚುಕ್ಕೆಗಳ ಸಾಲಿನ ಮೇಲೆ ಬೆರಳಾಡಿಸುತ್ತ ನಡೆದ. ಮೂಲೆಯ ಹತ್ತಿರ ಬೆರಳಿಗೆ ತಂಪು ಗಾಳಿ ತಾಗಿತು.

ಅಲ್ಲಿ ಕಲ್ಲುಗಳ ನಡುವೆ ಮಣ್ಣಿರಲಿಲ್ಲ. ಮೊಣಕಾಲೆತ್ತರದಲ್ಲಿ, ಒಬ್ಬ ಮನುಷ್ಯ ತೆವಳುವಷ್ಟು ಅಗಲಕ್ಕೆ, ಕಲ್ಲುಗಳನ್ನು ತೆಗೆದು ಮತ್ತೆ ಇಡಲಾಗಿತ್ತು. ಒಣಗಲ್ಲಿನ ಜೋಡಣೆ. ಒಂದೊಂದೂ ತನ್ನ ಹಳೆಯ ಗೂಡಿಗೆ, ಹಳೆಯ ಮುಖ ಹೊರಗಾಗಿ, ಕೂದಲೆಳೆ ತಪ್ಪದೆ ಕುಳಿತಿತ್ತು.

"ಯಾ ಅಲ್ಲಾ," ಅಂದ ದಾದೇಸಾಬ ಮೆಲ್ಲಗೆ. "ಇದು ಕಟ್ಟಿದಾವನ ಕೈನಾ ಐತ್ರಿ."

ಕಲ್ಲು ಬಿಚ್ಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಳಗೆ ಕೋಣೆ ಕೆಟ್ಟಿರಲಿಲ್ಲ. ಗೋಡೆಯ ನಾಲ್ಕೂ ಸುತ್ತು ಹಾಯ್ದ ಮರದ ಪಟ್ಟಿ ಬಿರುಕಿಲ್ಲದೆ ನಿಂತಿತ್ತು, ಅದರ ಮೇಲೆ ಹಗುರವಾದ ಒಂದು ಗೇಣಿನ ಮಾಳಿಗೆ. ಆದೆಪ್ಪ ಹೇಳಿದ ಹಾಗೆಯೇ ಉಳಿದದ್ದು ಆ ಮನೆಯಲ್ಲಿ ಇದೊಂದೇ ಕೋಣೆ. ನಡುಮನೆಯ ಬಾಗಿಲು ಮಾತ್ರ ಮಣ್ಣಿನಿಂದ ತುಂಬಿತ್ತು.

ನೆಲದ ಮೇಲೆ ಹಾಸಿದ ಚಾಪೆ. ಉರುಳಿದ ತಂಬಿಗೆ. ಆದೆಪ್ಪ ಕ್ವೆಟ್ಟಾದಿಂದ ತಂದಿದ್ದ ಕಂದು ಕಂಬಳಿ. ಧೂಳಿನಲ್ಲಿ ಬರಿಗಾಲಿನ ಹೆಜ್ಜೆಗಳು, ಒಬ್ಬರವೇ, ತುಂಬಿದ ಬಾಗಿಲಿನಿಂದ ಗೋಡೆಯ ಕಿಂಡಿಯವರೆಗೆ. ಬಾಗಿಲ ಮಣ್ಣಿನ ಮೇಲೆ ಹತ್ತೂ ಬೆರಳು ಕೆರೆದ ಗುರುತು. ಯಾರೋ ಆದೆಪ್ಪನನ್ನು ಈ ಕಡೆಯಿಂದ ಅಗೆಯಲು ನೋಡಿದ್ದರು. ಆಮೇಲೆ ಬಿಟ್ಟು ಹೋಗಿದ್ದರು.

*

ಹವಾಲಾತಿನ ಸರಳಿನ ಹಿಂದೆ ನೂರಸಾಬ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಅವನ ತಲೆಯ ಮೇಲೆ ಠಾಣೆಯ ಮಾಳಿಗೆ, ಮೂರು ತಲೆಮಾರಿನ ಮಣ್ಣು. ದೇವೇಂದ್ರಪ್ಪ ಬೀಗ ತೆಗೆದು ಒಳಗೆ ಹೋಗಿ ಅವನೆದುರು ನೆಲದ ಮೇಲೆ ಕುಳಿತ.

"ನೂರಸಾಬ, ನೀ ಬಿಡುಗಡೆ ಆದಂಗ. ಮಾಳಿಗಿ ಮ್ಯಾಲೆ ಕಳಕಮ್ಮ ಮಣ್ಣು ಹಾಕಿಸಿದ್ಲು. ನಾಳೆ ಆಕೀನ ಹೇಳ್ತಾಳ. ಹಿಂದಿನ ಕೋಣಿ ತೋರಿಸ್ತೀನಿ ತಹಶೀಲ್ದಾರರಿಗೆ. ನಿನ್ನ ಗ್ವಾಡಿ ನಿಂತೈತಿ. ಪಟ್ಟಿ ನಿಂತೈತಿ. ಸಾಲಿ ಕೆಲಸಾನೂ ಆಗ್ತೈತಿ."

ಹಿಂದಿನ ಕೋಣೆ ಎಂದಾಗ ಗೌಂಡಿಯ ಉಗುರು ಕಿತ್ತ ಬೆರಳುಗಳು ಮಡಚಿಕೊಂಡವು.

"ಕಲ್ಲು ತಗದು ಅವರನ್ನ ಹೊರಗ ತಂದಾವ ನೀನು. ಮತ್ತ ಮುಚ್ಚಿದಾವನೂ ನೀನು. ಪುಣ್ಯದ ಕೆಲಸಾ ಮಾಡಿ ಯಾಕ ಮುಚ್ಚಿಟ್ಟಿ? ಒಳಗಿದ್ದಾವರು ಯಾರು?"

ನೂರಸಾಬ ತಲೆ ಎತ್ತಿ ಅವನ ಮುಖ ನೋಡಿದ. ಆಮೇಲೆ ಮೂರು ದಿನ ಬಳಸದ ದನಿಯನ್ನು ಗಂಟಲಿನಿಂದ ಹುಡುಕಿ ತೆಗೆದ.

"ಆ ಕೋಣಿ ಯಾರಿಗೂ ತೋರಿಸಬ್ಯಾಡ್ರಿ ಸಾಹೇಬ್ರ. ತೋರಿಸಿದ್ರ ಒಳಗಿದ್ದಾವರು ಯಾರಂತ ಊರು ಕೇಳ್ತೈತಿ, ಹೆಸರು ಹೊರಬಿದ್ರ ಅವರು ಬದುಕಂಗಿಲ್ಲ. ಕಳಕಮ್ಮಗ ಸುಮ್ಮನಿರಾಕ ಹೇಳ್ರಿ."

"ಹುಚ್ಚನೇನು ನೀ? ನಾಳೆ ನಿನ್ನ ರಾಯಚೂರಿಗೆ ಒಯ್ತಾರ."

"ಒಯ್ಯಲಿ."

"ಸಾಲಿ?"

ನೂರಸಾಬ ಕಣ್ಣು ಮುಚ್ಚಿದ. ತೆರೆದಾಗ ಅವು ಒದ್ದೆಯಾಗಿದ್ದವು, ಆದರೆ ದನಿ ತೂಗುಗುಂಡಿನ ದಾರದಂತೆ ನೆಟ್ಟಗಿತ್ತು.

"ಬರಕೋರಿ. ಕಟ್ಟುಗಲ್ಲು ನಾನು ಹಾಕಿದ್ದಿಲ್ಲ. ಗ್ವಾಡಿ ನನ್ನದು ಕೆಟ್ಟಿತ್ತು."